ದೇವರು ಅಚ್ಚಾದ ಕತೆ: ಗುರುಪುರದ ಬಾವುಟ, ಆಂಟ್ವರ್ಪ್‌ನ ತಾಮ್ರದ ತಗಡು ಮತ್ತು ನಮ್ಮ ಮನೆಯ ಕ್ಯಾಲೆಂಡರ್

ಹನಗೋಡು, ಹುಣಸೂರು, ಪಿರಿಯಾಪಟ್ಟಣ ಕಡೆಯವರಿಗೆ ಟಿಬೆಟನ್ ಕ್ಯಾಂಪು ಹೊಸದಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಟೂರಿಸ್ಟ್ ಬಸ್ಸುಗಳು ಹೋಗುತ್ತವೆ. ಹುಣಸೂರು ತಾಲ್ಲೂಕಿನ ಗುರುಪುರಕ್ಕೆ ಅಷ್ಟು ಜನ ಹೋಗುವುದಿಲ್ಲ. ಎರಡೂ ಕಡೆ ಕಣ್ಣಿಗೆ ಮೊದಲು ಬೀಳುವುದು ದಾರದಲ್ಲಿ ಪೋಣಿಸಿ ಕಟ್ಟಿದ ಬಣ್ಣಬಣ್ಣದ ಬಟ್ಟೆ ಚೂರುಗಳು. ಲಡಾಖಿಗೆ ಹೋಗಿಬಂದ ಹುಡುಗರ ಬುಲೆಟ್ ಹ್ಯಾಂಡಲ್ಲಿಗೂ ಇದೇ ಬಾವುಟ ಸುತ್ತಿಕೊಂಡಿರುತ್ತದೆ. ಹೆಚ್ಚಿನವರು ಇದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಅಸಲಿಗೆ ಇದು ಮುದ್ರಿತ ಧಾರ್ಮಿಕ ಪಠ್ಯ. ಜಗತ್ತಿನಲ್ಲಿ ಇವತ್ತಿಗೂ ನಿತ್ಯಬಳಕೆಯಲ್ಲಿರುವ ಅತಿ ಹಳೆಯ ಮುದ್ರಣ ಪರಂಪರೆಗಳಲ್ಲಿ ಒಂದು ನಮ್ಮ ಹೊಗೆಸೊಪ್ಪಿನ ಬ್ಯಾರನ್‌ಗಳ ಪಕ್ಕದಲ್ಲೇ ಗಾಳಿಗೆ ಹಾರಾಡುತ್ತಿದೆ.

ದೇವರನ್ನು ಅಚ್ಚು ಹಾಕುವುದು ಯಾವಾಗ ಶುರುವಾಯಿತು, ಯಾರು ಮಾಡಿದರು, ಯಾರು ಅದರಿಂದ ದುಡ್ಡು ಮಾಡಿಕೊಂಡರು, ಯಾರು ತಡೆದರು ಅನ್ನುವ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಯುರೋಪಿನಿಂದ ಉತ್ತರ ಹೇಳಲು ಶುರು ಮಾಡುತ್ತಾರೆ. ಗುಟೆನ್‌ಬರ್ಗ್, ಲೂಥರ್, ಡ್ಯೂರರ್ ಅಂತ. ಅದೂ ಬೇಕು, ಮುಂದೆ ಬರುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇರುವಾಗ ಅಲ್ಲಿಂದ ಶುರು ಮಾಡುವುದೇ ಸರಿ.

ಗಾಳಿ ಓದುವ ಪುಸ್ತಕ

ಈ ಬಾವುಟಕ್ಕೆ ಟಿಬೆಟನ್ ಭಾಷೆಯಲ್ಲಿ ಲುಂಗ್‌ತಾ ಅನ್ನುತ್ತಾರೆ, ಅಂದರೆ ಗಾಳಿಕುದುರೆ. ನಡುವೆ ಬೆನ್ನ ಮೇಲೆ ರತ್ನ ಹೊತ್ತ ಕುದುರೆ. ನಾಲ್ಕು ಮೂಲೆಗಳಲ್ಲಿ ಗರುಡ, ಡ್ರ್ಯಾಗನ್, ಹುಲಿ, ಹಿಮಸಿಂಹ. ಉಳಿದ ಜಾಗದಲ್ಲೆಲ್ಲ ಮಂತ್ರ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ ಇದೇ ಕ್ರಮದಲ್ಲಿ ಬರುತ್ತವೆ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ ಅನ್ನುವ ಲೆಕ್ಕ.

ಇದನ್ನು ಯಾರೂ ಓದಬೇಕಾಗಿಲ್ಲ. ಗಾಳಿ ಬಟ್ಟೆಯನ್ನು ಸವರಿಕೊಂಡು ಹೋದರೆ ಸಾಕು, ಮಂತ್ರ ಹರಡಿದಂತೆಯೇ ಅನ್ನುವುದು ನಂಬಿಕೆ. ಬಣ್ಣ ಮಾಸಿದರೆ ಬೇಜಾರಿಲ್ಲ, ಕೆಲಸ ಆಗಿದೆ ಅಂತಲೇ ಅರ್ಥ. ನೆಲಕ್ಕೆ ಬೀಳಬಾರದು ಅಷ್ಟೇ, ಹಳೆಯದನ್ನು ಸುಟ್ಟು ಹೊಸದು ಕಟ್ಟುತ್ತಾರೆ.

ಮುದ್ರಣ ಅಂದರೆ ಜ್ಞಾನಪ್ರಸಾರ, ಓದುಗರು, ಸಾಕ್ಷರತೆ ಅಂತ ಶಾಲೆಯಲ್ಲಿ ಕಲಿತ ನಮಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಮುದ್ರಣದ ಆರಂಭದ ಚರಿತ್ರೆ ನೋಡಿದರೆ ಓದುವುದಕ್ಕಿಂತ ಪುಣ್ಯದ ಲೆಕ್ಕವೇ ಮೊದಲು ಬರುತ್ತದೆ. ಕ್ರಿ.ಶ. 770ರ ಹೊತ್ತಿಗೆ ಜಪಾನಿನ ಸಾಮ್ರಾಜ್ಞಿ ಶೋತೊಕು ಹತ್ತು ಲಕ್ಷ ಪುಟಾಣಿ ಮರದ ಗೋಪುರಗಳನ್ನು ಮಾಡಿಸಿ ಅವುಗಳೊಳಗೆ ಅಚ್ಚಾದ ಮಂತ್ರದ ಸುರುಳಿ ಇಡಿಸಿದಳು ಎನ್ನುತ್ತವೆ ದಾಖಲೆಗಳು. ಒಳಗಿನ ಕಾಗದ ಯಾರ ಕಣ್ಣಿಗೂ ಬೀಳುವುದಿಲ್ಲ. ತಾರೀಖು ನಮೂದಾಗಿರುವ ಮುದ್ರಿತ ಪುಸ್ತಕಗಳಲ್ಲಿ ಇಂದಿಗೆ ಉಳಿದಿರುವ ಅತಿ ಹಳೆಯದು ಕ್ರಿ.ಶ. 868ರ ವಜ್ರಸೂತ್ರ. ಅದನ್ನು ವಾಂಗ್ ಜಿಯೆ ಅನ್ನುವವನು ತಂದೆತಾಯಿಗೆ ಪುಣ್ಯ ಬರಲಿ ಅಂತ ಅಚ್ಚು ಹಾಕಿಸಿ ಹಂಚಿದ. ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ರಾಮಕೋಟಿ ಬರೆಯುತ್ತಾರಲ್ಲ, ಅದೇ ತರ್ಕ. ಬರೆದದ್ದನ್ನು ಯಾರೂ ಓದುವುದಿಲ್ಲ, ಎಣಿಕೆ ಮುಖ್ಯ. ಕೈಗೆ ಬದಲು ಮರದ ಹಲಗೆ ಬಂದರೆ ಎಣಿಕೆ ಬೇಗ ಆಗುತ್ತದೆ.

ಹಲಗೆ ಕೊರೆಯುವ ಕೆಲಸ

ಮರದಚ್ಚಿನ ಕೆಲಸ ಕೇಳಲು ಸುಲಭ. ತೆಳು ಕಾಗದದ ಮೇಲೆ ಬರೆದ ಪುಟವನ್ನು ಹಲಗೆಗೆ ಮಗುಚಿ ಅಂಟಿಸುತ್ತಾರೆ. ಅಕ್ಷರ ಈಗ ತಿರುಗುಮುರುಗಾಗಿ ಕಾಣುತ್ತದೆ. ಅಕ್ಷರ ಬಿಟ್ಟು ಉಳಿದ ಮರವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದರೆ ಅಕ್ಷರ ಉಬ್ಬಿ ನಿಲ್ಲುತ್ತದೆ. ಮಸಿ ಸವರಿ, ಕಾಗದ ಹಾಸಿ, ಮೇಲೆ ಉರುಳೆಯಿಂದ ತೀಡಿದರೆ ಪುಟ ತಯಾರು. ಒಂದು ಅಕ್ಷರ ತಪ್ಪಿದರೆ ಆ ಚೂರನ್ನು ಕಿತ್ತು ಹೊಸ ಮರ ಕೂರಿಸಬೇಕು.

ಟಿಬೆಟಿನಲ್ಲಿ ಈ ಕೆಲಸ ದೊಡ್ಡ ಮಟ್ಟಕ್ಕೆ ಬೆಳೆದದ್ದು ಪೂರ್ವದ ಖಾಮ್ ಪ್ರಾಂತ್ಯದ ದೆರ್ಗೆಯಲ್ಲಿ. 1729ರಲ್ಲಿ ಅಲ್ಲಿನ ರಾಜ ತೆನ್ಪಾ ತ್ಸೆರಿಂಗ್ ಕಟ್ಟಿಸಿದ ಅಚ್ಚುಕೂಟ ಇವತ್ತಿಗೂ ನಡೆಯುತ್ತಿದೆ. ಬುದ್ಧವಚನ ಎನ್ನಲಾಗುವ ಕಂಗ್ಯೂರ್ ಸಂಗ್ರಹದ ನೂರಕ್ಕೂ ಹೆಚ್ಚು ಸಂಪುಟಗಳನ್ನು 1733ರ ಹೊತ್ತಿಗೆ ಕೆತ್ತಿ ಮುಗಿಸಿದರು. ಸಿತು ಪಂಚೆನ್ ಅನ್ನುವ ವಿದ್ವಾಂಸ ಪಾಠ ತಿದ್ದಿದ. ಅದರ ಮೇಲಿನ ವ್ಯಾಖ್ಯಾನಗಳಾದ ತೆಂಗ್ಯೂರ್‌ನ ಇನ್ನೂರಕ್ಕೂ ಹೆಚ್ಚು ಸಂಪುಟ 1744ಕ್ಕೆ ಮುಗಿದವು. ಎರಡೂ ಬದಿ ಕೆತ್ತಿದ ಎರಡು ಲಕ್ಷಕ್ಕೂ ಹೆಚ್ಚು ಹಲಗೆಗಳು ಅಲ್ಲಿ ರ‍್ಯಾಕುಗಳಲ್ಲಿ ನಿಂತಿವೆ.

ಇಲ್ಲೊಂದು ವಿಷಯ ನಮಗೆ ಹತ್ತಿರದ್ದು. ಟಿಬೆಟನ್ ಗ್ರಂಥ ಉದ್ದಕ್ಕೆ, ಅಗಲ ಕಡಿಮೆ ಇಟ್ಟ ಬಿಡಿ ಹಾಳೆಗಳ ಕಟ್ಟು. ಮೇಲೆ ಕೆಳಗೆ ಮರದ ಪಟ್ಟಿ, ಸುತ್ತ ಬಟ್ಟೆ. ಕಾಗದದ ಮೇಲೆ ಈ ಆಕಾರಕ್ಕೆ ಯಾವ ಅವಶ್ಯಕತೆಯೂ ಇಲ್ಲ. ಇದು ಓಲೆಗರಿಯ ಆಕಾರ. ಭಾರತದಿಂದ ಹೋದ ತಾಳೆಗರಿ ಗ್ರಂಥಗಳ ಮೇಲಿನ ಗೌರವಕ್ಕೆ ತಾಳೆ ಮರವೇ ಬೆಳೆಯದ ನಾಡು ಸಾವಿರ ವರ್ಷ ಆ ರೂಪವನ್ನು ಉಳಿಸಿಕೊಂಡಿತು. ಆಮೇಲೆ ಆ ಪುಸ್ತಕಗಳು ನಿರಾಶ್ರಿತರ ಬೆನ್ನೇರಿ ಮೈಸೂರು ಜಿಲ್ಲೆಗೆ ಬಂದವು. ಅಷ್ಟರಲ್ಲಿ ನಮ್ಮ ಓಲೆಗರಿಗಳು ಮಠದ ಅಟ್ಟಗಳಿಂದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಹೋಗಿ ಕೂತಿದ್ದವು.

ತಾಮ್ರ ನಮಗೂ ಗೊತ್ತಿತ್ತು

ಈಗ ಯುರೋಪಿಗೆ ಬರೋಣ. ಅಲ್ಲಿ ಕಾಗದದ ಮೇಲೆ ಮರದಚ್ಚಿನ ದೇವರ ಚಿತ್ರಗಳು ಕಾಣಿಸಿಕೊಂಡದ್ದು ಸುಮಾರು 1400ರ ಆಸುಪಾಸು. 1423ರ ತಾರೀಖು ಇರುವ ಸಂತ ಕ್ರಿಸ್ಟಫರನ ಚಿತ್ರ ಇದರಲ್ಲಿ ಪ್ರಸಿದ್ಧ. ಆ ಸಂತನ ಮುಖ ನೋಡಿದ ದಿನ ದುರ್ಮರಣ ಬರುವುದಿಲ್ಲ ಅನ್ನುವ ಭರವಸೆ ಚಿತ್ರದ ಕೆಳಗೇ ಅಚ್ಚಾಗಿದೆ. ನಮ್ಮ ಲಾರಿಗಳ ಡ್ಯಾಶ್‌ಬೋರ್ಡಿನ ದೇವರ ಫೋಟೋಗೂ ಇದಕ್ಕೂ ದೂರವೇನಿಲ್ಲ.

ಇದರ ನಂತರ ತಾಮ್ರದ ತಗಡು ಬಂತು. ಮರದಲ್ಲಿ ಉಬ್ಬಿದ ಭಾಗಕ್ಕೆ ಮಸಿ ಹತ್ತುತ್ತದೆ. ತಾಮ್ರದಲ್ಲಿ ಉಲ್ಟಾ. ಚೂಪಾದ ಉಳಿಯಿಂದ ಗೆರೆ ಕೊರೆದು, ಮಸಿಯನ್ನು ಆ ಗೆರೆಯೊಳಗೆ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಮಾಡಿದ ಕಾಗದದ ಜತೆ ಎರಡು ಉರುಳೆಗಳ ನಡುವೆ ಒತ್ತಿ ತೆಗೆಯುತ್ತಾರೆ. ಕೂದಲೆಳೆಯ ಗೆರೆಯೂ ಬರುತ್ತದೆ. ಈ ಕಲೆ ಹುಟ್ಟಿದ್ದು ಅಕ್ಕಸಾಲಿಗರ ಅಂಗಡಿಗಳಲ್ಲಿ.

ಹಾಗಾದರೆ ನಮ್ಮಲ್ಲಿ ಯಾಕೆ ಆಗಲಿಲ್ಲ? ನಮ್ಮಲ್ಲಿ ತಾಮ್ರಶಾಸನ ಕೊರೆಯುವವರು ಶತಮಾನಗಳಿಂದ ಇದ್ದರು. ಯಂತ್ರದ ತಗಡು, ತಾಯತ ಕೊರೆಯುವ ಅಕ್ಕಸಾಲಿಗಳೂ ಇದ್ದರು. ಬಟ್ಟೆಗೆ ಮರದಚ್ಚು ಒತ್ತುವವರಂತೂ ಇದ್ದೇ ಇದ್ದರು. ಕೈಚಳಕಕ್ಕೆ ಕೊರತೆ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಕೊರತೆ ಇದ್ದದ್ದು ಪ್ರತಿ ಬೇಕು ಅನ್ನುವ ಮನಸ್ಸಿನಲ್ಲಿ. ಶಾಸನಕ್ಕೆ ಬೆಲೆ ಬರುವುದೇ ಅದು ಒಂದೇ ಇದೆ ಅನ್ನುವುದರಿಂದ. ಅಗ್ರಹಾರದ ಭೂಮಿಯ ಹಕ್ಕು ಹೇಳುವ ತಗಡಿಗೆ ಸಾವಿರ ನಕಲು ಇದ್ದರೆ ಹಕ್ಕುದಾರನಿಗೇ ತಲೆನೋವು. ಯಾರು ಕೇಳಬಹುದು, ಯಾರು ಓದಬಹುದು ಅನ್ನುವುದು ಹುಟ್ಟಿನಿಂದಲೇ ತೀರ್ಮಾನವಾಗಿದ್ದ ಸಮಾಜದಲ್ಲಿ ದೇವರನ್ನು ಸಾವಿರ ಪ್ರತಿ ಮಾಡಿ ಬೀದಿಗೆ ಬಿಡುವ ತುರ್ತು ಯಾರಿಗಿತ್ತು?

ರೇಗೆನ್ಸ್‌ಬರ್ಗ್: ಕೆಡವಿದ ಜಾಗದಲ್ಲಿ ಹುಟ್ಟಿದ ಚಿತ್ರ

ಪ್ರತಿ ಹೆಚ್ಚಾದ ಮಾತ್ರಕ್ಕೆ ಪ್ರಜಾಪ್ರಭುತ್ವ ಬಂತು ಅಂತಲೂ ತಿಳಿಯಬೇಡಿ. ಯುರೋಪಿನ ಧಾರ್ಮಿಕ ಮುದ್ರಣದ ಚರಿತ್ರೆಯಲ್ಲಿ ನಮ್ಮ ಕಾಲದವರು ಗಮನಿಸಲೇಬೇಕಾದ ಒಂದು ಪ್ರಕರಣ ಇದೆ.

ಜರ್ಮನಿಯ ರೇಗೆನ್ಸ್‌ಬರ್ಗ್ ನಗರದಲ್ಲಿ ಯಹೂದಿಗಳ ಹಳೆಯ ಕೇರಿ ಇತ್ತು, ಅವರಿಗೆ ಚಕ್ರವರ್ತಿಯ ರಕ್ಷಣೆ ಇತ್ತು. 1519ರ ಜನವರಿಯಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಸತ್ತ. ಹೊಸಬ ಬರುವವರೆಗಿನ ಖಾಲಿ ಅವಧಿಯನ್ನೇ ಕಾಯುತ್ತಿದ್ದ ನಗರಸಭೆ ಫೆಬ್ರವರಿಯಲ್ಲಿ ಯಹೂದಿಗಳನ್ನು ಊರು ಬಿಡಿಸಿತು, ಅವರ ಪ್ರಾರ್ಥನಾಮಂದಿರವನ್ನು ಕೆಡವಿಸಿತು. ಕೆಡವುವಾಗ ಗಾಯಗೊಂಡ ಕೆಲಸಗಾರನೊಬ್ಬ ಬದುಕಿಕೊಂಡ. ಇದು ಮೇರಿಯ ಪವಾಡ ಅಂತ ಸುದ್ದಿ ಹಬ್ಬಿತು. ಅದೇ ಜಾಗದಲ್ಲಿ ಮರದ ಪ್ರಾರ್ಥನಾಲಯ ಎದ್ದಿತು. ಜನ ಹೊಲದ ಕೆಲಸ ಬಿಟ್ಟು ಓಡಿಬಂದರು. ಯಾತ್ರಿಕರಿಗೆ ಮಾರಿದ ಬಿಲ್ಲೆಗಳ ಸಂಖ್ಯೆ 1520ರಲ್ಲಿ ಲಕ್ಷ ದಾಟಿತ್ತು.

ಆ ಊರಿನ ದೊಡ್ಡ ಚಿತ್ರಕಾರ ಆಲ್ಬ್ರೆಕ್ಟ್ ಆಲ್ಟ್‌ಡಾರ್ಫರ್. ನಗರಾಡಳಿತದಲ್ಲೂ ಅವನಿಗೆ ಸ್ಥಾನ ಇತ್ತು. ಮಂದಿರ ಕೆಡವುವ ಮೊದಲು ಅದರ ಒಳಾಂಗಣ, ಹೊಸಿಲಿನ ಮುಂಗಟ್ಟನ್ನು ಎರಡು ಎಚ್ಚಿಂಗ್ ಚಿತ್ರಗಳಲ್ಲಿ ದಾಖಲಿಸಿದ. ಆ ಕಟ್ಟಡ ಹೇಗಿತ್ತು ಅಂತ ಇವತ್ತು ನಾವು ನೋಡುವುದು ಅವನ ಕೈಯಿಂದಲೇ. ಆಮೇಲೆ ಅದೇ ಕೈ ಹೊಸ ಪ್ರಾರ್ಥನಾಲಯದ ಸುಂದರ ಮೇರಿಯ ಬಣ್ಣದ ಮರದಚ್ಚನ್ನೂ ಮಾಡಿತು. ಹಲವು ಹಲಗೆಗಳಲ್ಲಿ ಹಲವು ಬಣ್ಣ ಒತ್ತಿದ ಆ ಚಿತ್ರ ಅಂದಿನ ತಂತ್ರಜ್ಞಾನಕ್ಕೆ ಅದ್ಭುತ. ಇನ್ನೊಬ್ಬ ಕಲಾವಿದ ಮೈಕೆಲ್ ಆಸ್ಟೆನ್‌ಡಾರ್ಫರ್ ಯಾತ್ರೆಯ ಗದ್ದಲವನ್ನೇ ಮರದಚ್ಚಾಗಿ ಕೆತ್ತಿದ. ಅದರಲ್ಲಿ ಹಿನ್ನೆಲೆಯಲ್ಲಿ ಪಾಳುಬಿದ್ದ ಯಹೂದಿ ಮನೆಗಳು, ಮುಂದೆ ನೆಲಕ್ಕೆ ಬಿದ್ದು ಹೊರಳಾಡುತ್ತಿರುವ ಭಕ್ತರು. ಆ ಚಿತ್ರದ ತನ್ನ ಪ್ರತಿಯ ಮೇಲೆ ಡ್ಯೂರರ್ 1523ರಲ್ಲಿ ಇದೆಲ್ಲ ಧರ್ಮಗ್ರಂಥಕ್ಕೆ ವಿರುದ್ಧ ಅಂತ ಬೇಸರದ ಟಿಪ್ಪಣಿ ಬರೆದ. ಯಾತ್ರೆಯ ಬಗ್ಗೆ ಅವನ ಕೋಪ ಸ್ಪಷ್ಟ. ಓಡಿಸಲ್ಪಟ್ಟ ಜನರ ಬಗ್ಗೆ ಆ ಟಿಪ್ಪಣಿ ಮಾತಾಡುವುದಿಲ್ಲ.

ಅಧಿಕಾರದ ಖಾಲಿ ಗಳಿಗೆ, ಕೆಡವಿದ ಮಂದಿರ, ಪವಾಡದ ಸುದ್ದಿ, ಅಗ್ಗದ ಚಿತ್ರ, ಮಾರಾಟದ ಲೆಕ್ಕ. ಇವು ಒಂದರ ಹಿಂದೆ ಒಂದು ಬಂದದ್ದು ಬರೀ ಕೆಲವೇ ತಿಂಗಳುಗಳಲ್ಲಿ. ವಾಟ್ಸಾಪ್ ಇಲ್ಲದ ಕಾಲದಲ್ಲಿ.

ಪೋಪನ ಮೀಮ್

ಇದೇ ಹೊತ್ತಿಗೆ ಲೂಥರ್ ಎದ್ದಿದ್ದ. ಪಾಪಕ್ಷಮೆಯ ಚೀಟಿ ಮಾರುವುದನ್ನು ಅವನು 1517ರಲ್ಲಿ ಪ್ರಶ್ನಿಸಿದ್ದು ಎಲ್ಲರಿಗೂ ಗೊತ್ತು. ಕಡಿಮೆ ಜನಕ್ಕೆ ಗೊತ್ತಿರುವುದು, ಗುಟೆನ್‌ಬರ್ಗ್ ತಂತ್ರದಲ್ಲಿ ಅಚ್ಚಾದ ಮೊದಮೊದಲ ಕಾಗದಗಳಲ್ಲಿ ಇದೇ ಕ್ಷಮೆಯ ಚೀಟಿಗಳೂ ಇದ್ದವು ಅನ್ನುವುದು. 1454–55ರ ಫಾರಂಗಳು ಉಳಿದಿವೆ, ಹೆಸರು ತುಂಬಲು ಖಾಲಿ ಜಾಗ ಬಿಟ್ಟು. ಮುದ್ರಣಯಂತ್ರ ಮೊದಲು ಚರ್ಚಿನ ರಶೀದಿ ಪುಸ್ತಕ ಹೊಡೆಯಿತು, ಆಮೇಲೆ ಚರ್ಚಿನ ವಿರುದ್ಧದ ಕರಪತ್ರ.

1521ರಲ್ಲಿ ಲುಕಾಸ್ ಕ್ರಾನಾಕ್ ಮರದಚ್ಚಿನ ಒಂದು ಪುಟ್ಟ ಪುಸ್ತಕ ತಂದ. ಹದಿಮೂರು ಜೋಡಿ ಚಿತ್ರ. ಎಡಪುಟದಲ್ಲಿ ಕ್ರಿಸ್ತ ಶಿಷ್ಯರ ಕಾಲು ತೊಳೆಯುತ್ತಿದ್ದಾನೆ, ಬಲಪುಟದಲ್ಲಿ ಪೋಪ್ ರಾಜರಿಂದ ಕಾಲಿಗೆ ಮುತ್ತು ಕೊಡಿಸಿಕೊಳ್ಳುತ್ತಿದ್ದಾನೆ. ಕ್ರಿಸ್ತ ವ್ಯಾಪಾರಿಗಳನ್ನು ದೇವಾಲಯದಿಂದ ಓಡಿಸುತ್ತಿದ್ದಾನೆ, ಪೋಪ್ ಕ್ಷಮೆಚೀಟಿಗೆ ದುಡ್ಡು ಎಣಿಸುತ್ತಿದ್ದಾನೆ. ಓದು ಬಾರದವನಿಗೂ ಅರ್ಥವಾಗುತ್ತದೆ. ನೀವು ದಿನಾ ಫಾರ್ವರ್ಡ್ ಮಾಡುವ ಎಡ-ಬಲ ಹೋಲಿಕೆಯ ಮೀಮ್ ಇದೆಯಲ್ಲ, ಅದರ ವಯಸ್ಸು ಐನೂರು ದಾಟಿದೆ.

ಚಿತ್ರಗಳೇ ಬೇಡ ಅನ್ನುವವರೂ ಎದ್ದರು. ಜ್ಯೂರಿಕ್‌ನ ಚರ್ಚುಗಳಿಂದ 1524ರಲ್ಲಿ ಮೂರ್ತಿ, ಚಿತ್ರ ಎಲ್ಲ ಹೊರಬಿದ್ದವು. 1566ರ ಆಗಸ್ಟಿನಲ್ಲಿ ಆಂಟ್ವರ್ಪ್‌ನಲ್ಲಿ ಜನ ನುಗ್ಗಿ ಒಡೆದರು. ಇನ್ನೊಂದು ಕಡೆ ಕ್ಯಾಥೊಲಿಕ್ ಚರ್ಚು 1563ರ ಟ್ರೆಂಟ್ ಸಭೆಯಲ್ಲಿ ಚಿತ್ರ ಇರಲಿ, ಆದರೆ ರೂಢಿಯಲ್ಲಿಲ್ಲದ ಚಿತ್ರ ಬಿಷಪ್ಪನ ಒಪ್ಪಿಗೆ ಇಲ್ಲದೆ ಬರಬಾರದು ಅಂತ ನಿಯಮ ಮಾಡಿತು. ಸೆನ್ಸಾರ್ ಮಂಡಳಿ ಶುರುವಾಯಿತು ಅನ್ನಿ.

ಆಮೇಲೆ ನಡೆದದ್ದು ತಮಾಷೆಯಾಗಿದೆ. ಒಡೆದುಹಾಕಿದ ಅದೇ ಆಂಟ್ವರ್ಪ್ ಕೆಲವೇ ವರ್ಷಗಳಲ್ಲಿ ಕ್ಯಾಥೊಲಿಕ್ ಜಗತ್ತಿಗೆಲ್ಲ ದೇವರ ಚಿತ್ರ ಸರಬರಾಜು ಮಾಡುವ ಊರಾಯಿತು. ಕ್ರಿಸ್ಟೋಫ್ ಪ್ಲಾಂಟಿನ್‌ನ ಅಚ್ಚುಕೂಟ ಎಂಟು ಸಂಪುಟಗಳ ಬಹುಭಾಷಾ ಬೈಬಲನ್ನು ಸ್ಪೇನಿನ ದೊರೆಯ ಆಶ್ರಯದಲ್ಲಿ ತಂದಿತು. 1593ರಲ್ಲಿ ಅದೇ ಊರಿನಿಂದ ಜೆರೊಮ್ ನಡಾಲ್ ಅನ್ನುವ ಜೆಸ್ಯೂಟ್ ಪಾದ್ರಿಯ ಸುವಾರ್ತಾ ಚಿತ್ರಮಾಲೆ ಬಂತು. 153 ತಾಮ್ರದಚ್ಚಿನ ಚಿತ್ರ, ಹೆಚ್ಚಿನವು ವೀರಿಕ್ಸ್ ಅಣ್ಣತಮ್ಮಂದಿರ ಕೈಕೆಲಸ. ಚಿತ್ರದೊಳಗೆ ಎ, ಬಿ, ಸಿ ಅಂತ ಅಕ್ಷರ ಹಾಕಿ ಕೆಳಗೆ ವಿವರಣೆ. ನಮ್ಮ ವಿಜ್ಞಾನದ ಪಠ್ಯದಲ್ಲಿ ಹೃದಯದ ಚಿತ್ರಕ್ಕೆ ಭಾಗ ಗುರುತಿಸುವ ಹಾಗೆ. ಭಾಷೆ ಬಾರದ ನಾಡಿನಲ್ಲಿ ಧರ್ಮ ಹೇಳಲು ಹೇಳಿ ಮಾಡಿಸಿದ ಸಾಮಾನು.

ಹಡಗು ಹತ್ತಿ ಬಂದ ಚಿತ್ರಗಳು

ಗೋವಾಕ್ಕೆ ಮುದ್ರಣಯಂತ್ರ ಬಂದದ್ದು 1556ರಲ್ಲಿ. 1580ರಲ್ಲಿ ಗೋವಾದ ಜೆಸ್ಯೂಟರು ಫತೇಪುರ್ ಸಿಕ್ರಿಗೆ ಹೋಗಿ ಪ್ಲಾಂಟಿನ್‌ನ ಆ ಬಹುಭಾಷಾ ಬೈಬಲನ್ನು ಅಕ್ಬರನಿಗೆ ಕೊಟ್ಟರು. ಪಾದ್ರಿಗಳ ಲೆಕ್ಕ ಅಕ್ಬರ್ ಮತಾಂತರ ಆಗುತ್ತಾನೆ ಅಂತ. ಅಕ್ಬರನ ಚಿತ್ರಕಾರರು ಚಿತ್ರಗಳನ್ನು ನೋಡಿ ದೂರದ ವಸ್ತು ಚಿಕ್ಕದಾಗಿ, ಬಟ್ಟೆಯ ನೆರಿಗೆಗೆ ನೆರಳು ಹೇಗೆ ಬರೆಯುವುದು ಅಂತ ಕಲಿತುಕೊಂಡರು, ಧರ್ಮವನ್ನು ಹಾಗೇ ಬಿಟ್ಟರು. ಅಬುಲ್ ಹಸನ್ 1600ರಲ್ಲಿ ಡ್ಯೂರರನ ಚಿತ್ರದಿಂದ ಸಂತ ಜಾನನನ್ನು ತೆಗೆದು ನಕಲು ಮಾಡಿದಾಗ ಅವನ ವಯಸ್ಸು ಹದಿಮೂರು.

ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಆಸ್ಥಾನಕ್ಕೆ ಹಾರ್ಲೆಮ್‌ನ ಕಾರ್ನೆಲಿಸ್ ಕ್ಲಾಸ್ ಹೆಡಾ ಅನ್ನುವ ಡಚ್ ಚಿತ್ರಕಾರನೇ ಬಂದು ನೆಲೆಸಿದ್ದ. ಅಸಾರ್ ಮಹಲಿನ ಗೋಡೆಚಿತ್ರಗಳಲ್ಲಿ ಯುರೋಪಿನ ಛಾಯೆ ಮಾಸಿದ ಬಣ್ಣದಲ್ಲೂ ಗುರುತು ಸಿಗುತ್ತದೆ. ಶ್ರೀರಂಗಪಟ್ಟಣಕ್ಕೆ 1640ರ ದಶಕದ ಕೊನೆಗೆ ಲಿಯೊನಾರ್ಡೊ ಚಿನ್ನಾಮಿ ಅನ್ನುವ ಇಟಲಿಯ ಜೆಸ್ಯೂಟ್ ಬಂದು ಕನ್ನಡ ಕಲಿತು ಬರೆದ.

ಆದರೆ ಕನ್ನಡದ ಮಟ್ಟಿಗೆ ಧಾರ್ಮಿಕ ಮುದ್ರಣ ಜನರ ಕೈಗೆ ಬಂದದ್ದು ಕಲ್ಲಚ್ಚಿನಿಂದ. ಸುಣ್ಣದಕಲ್ಲಿನ ಚಪ್ಪಡಿ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದರೆ ಸಾಕು, ಕೆತ್ತುವ ಕೆಲಸವೇ ಇಲ್ಲ. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚು ಹೂಡಿತು, 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್‌ನ ‘ಮಂಗಳೂರು ಸಮಾಚಾರ’ ಅದೇ ಕಲ್ಲಿನಿಂದ ಬಂತು. ಇದೇ ಮೋಗ್ಲಿಂಗ್ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ತಂದ. ಮತಾಂತರಕ್ಕೆ ಬಂದವನ ಪ್ರೆಸ್ಸಿನಲ್ಲಿ ಪುರಂದರದಾಸರು ಅಚ್ಚಾದರು. ಇದನ್ನು ಒಂದೇ ಸಾಲಿನ ಆರೋಪಪಟ್ಟಿಗೆ ಇಳಿಸಲು ಎರಡೂ ಕಡೆಯವರಿಗೂ ಕಷ್ಟ.

ಕಲ್ಲಚ್ಚಿನ ಬಣ್ಣದ ಮುಖ ರಾಜಾ ರವಿವರ್ಮ. 1894ರಲ್ಲಿ ಮುಂಬೈಯಲ್ಲಿ ಜರ್ಮನ್ ತಂತ್ರಜ್ಞರನ್ನು ಇಟ್ಟುಕೊಂಡು ಪ್ರೆಸ್ ಶುರು ಮಾಡಿದ, 1899ರಲ್ಲಿ ಅದು ಲೋನಾವಳ ಹತ್ತಿರದ ಮಳವಳಿಗೆ ಹೋಯಿತು. ಮೈಸೂರಿನ ಮಹಾರಾಜರಿಗೆ ಅವನು ಬರೆದುಕೊಟ್ಟ ಎಣ್ಣೆಬಣ್ಣದ ಚಿತ್ರಗಳು ಜಗನ್ಮೋಹನ ಅರಮನೆಯಲ್ಲಿವೆ. ಅರಮನೆಯ ಚಿತ್ರಕ್ಕಿಂತ ಪ್ರೆಸ್ಸಿನ ಚಿತ್ರ ದೂರ ಹೋಯಿತು. ಗುಡಿಯ ಹೊಸಿಲು ದಾಟಲು ಬಿಡದಿದ್ದ ಜನರ ಮನೆಯೊಳಕ್ಕೆ ಲಕ್ಷ್ಮಿ, ಸರಸ್ವತಿ ತಾವೇ ಬಂದು ಗೋಡೆಗೆ ನಿಂತರು. ಪೂಜಾರಿಯ ಅಪ್ಪಣೆ ಬೇಕಾಗಲಿಲ್ಲ. ಜತೆಗೇ ಇನ್ನೊಂದೂ ಆಯಿತು: ಊರೂರಿನ ಮಾರಮ್ಮ, ಮಸಣಮ್ಮಂದಿರು ಹಿಂದೆ ಸರಿದು, ಸೀರೆಯುಟ್ಟ, ಬೆಳ್ಳಗಿನ ಮೇಲ್ಜಾತಿ ಮನೆಯ ಹೆಂಗಸಿನ ಮುಖದ ದೇವಿಯೇ ದೇವಿ ಅಂತಾಯಿತು. ಕಲಬುರಗಿಯ ಎಸ್.ಎಂ. ಪಂಡಿತ್ ಕ್ಯಾಲೆಂಡರ್ ದೇವರಿಗೆ ಮೈಕಟ್ಟು ಕೊಟ್ಟರು, ಬೆಂಗಳೂರಿನ ಬಿ.ಕೆ.ಎಸ್. ವರ್ಮ ನಾಡದೇವಿಗೆ ಮುಖ ಕೊಟ್ಟರು. ಶಿವಕಾಶಿಯ ಆಫ್‌ಸೆಟ್ ಯಂತ್ರಗಳು ಉಳಿದ ಕೆಲಸ ಮಾಡಿದವು. 1956ರ ಅಕ್ಟೋಬರ್ 14ರ ನಾಗಪುರದ ನಂತರ ಬುದ್ಧ ಮತ್ತು ಅಂಬೇಡ್ಕರ್ ಒಟ್ಟಿಗೆ ಇರುವ ಕ್ಯಾಲೆಂಡರ್ ಅದೇ ಅಗ್ಗದ ತಂತ್ರದಲ್ಲಿ ಕೇರಿಗಳ ಗೋಡೆಗೆ ಬಂತು. ತಂತ್ರ ಒಂದೇ, ಗೋಡೆ ಹೇಳುವ ಮಾತು ಬೇರೆ.

ಅಮೆರಿಕದ ಗೋಧಿ, ಟಿಬೆಟಿನ ಪುಸ್ತಕ, ಬೈಲಕುಪ್ಪೆ ವಿಳಾಸ

ಮತ್ತೆ ನಮ್ಮ ಕ್ಯಾಂಪುಗಳಿಗೆ ಬರೋಣ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದರು. ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು, 1960ರಿಂದ ಜನ ಬಂದು ಕಾಡು ಕಡಿದು ನೆಲೆಸಿದರು. ಗುರುಪುರದ ರಬ್ಗ್ಯೆಲಿಂಗ್ ಶಿಬಿರ ಶುರುವಾದದ್ದು 1972ರ ಸುಮಾರಿಗೆ. 1433ರಲ್ಲಿ ಟಿಬೆಟಿನಲ್ಲಿ ಸ್ಥಾಪನೆಯಾದ ಗ್ಯೂಮೆ ತಾಂತ್ರಿಕ ಮಠ ಈಗ ಇರುವುದು ಇಲ್ಲೇ, ಗುರುಪುರದಲ್ಲಿ. ಮುಸುಕಿನ ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು.

ಹಲಗೆಗಳನ್ನು ಹೊತ್ತು ಹಿಮಾಲಯ ದಾಟಲು ಆಗುವುದಿಲ್ಲ. ಅವು ಅಲ್ಲೇ ಉಳಿದವು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಾರ್ತಂಗ್ ಮಠ ನೆಲಸಮವಾಯಿತು, ಕಂಗ್ಯೂರ್‌ನ ಒಂದು ಪ್ರಸಿದ್ಧ ಆವೃತ್ತಿ ಕೆತ್ತಿದ್ದ ಅದರ ಹಲಗೆಗಳೂ ಹಾಳಾದವು. ದೆರ್ಗೆಯ ಅಚ್ಚುಕೂಟ ಮಾತ್ರ ಹೇಗೋ ಉಳಿಯಿತು. ಮುದ್ರಣದ ದೊಡ್ಡ ಗುಣ ಇಲ್ಲಿ ಕಾಣುತ್ತದೆ: ಹಲಗೆ ಸುಟ್ಟರೂ ಆ ಹಲಗೆಯಿಂದ ಹಿಂದೆ ಎಂದೋ ಒತ್ತಿದ ಪ್ರತಿ ಎಲ್ಲಿಯಾದರೂ ಇದ್ದರೆ ಸಾಕು.

ಓಡಿಬಂದ ಸನ್ಯಾಸಿಗಳಲ್ಲಿ ಹಲವರನ್ನು ಮೊದಲು ಇಟ್ಟದ್ದು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ. ಬ್ರಿಟಿಷರು ನಮ್ಮ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಹಳೆಯ ಬಂದೀಖಾನೆ ಅದು. ಕ್ಷಯರೋಗದ ನಡುವೆ ಅಲ್ಲೇ ಪಾಠ ಶುರು ಮಾಡಿ, ಪಠ್ಯಗಳನ್ನು ಕೈಯಲ್ಲಿ ಬರೆದು ಅಚ್ಚಿಗೆ ಇಳಿಸಿದರು. ಅಲ್ಲಿಂದ ಹೊರಟ ಸೆರಾ ಮಠದ ಸುಮಾರು 300 ಮಂದಿ 1970ರ ಸುಮಾರಿಗೆ ಬೈಲಕುಪ್ಪೆಯಲ್ಲಿ ಮಠ ಕಟ್ಟಿದರು. ನಮ್ದ್ರೋಲಿಂಗ್ ಮಠ ಅದಕ್ಕಿಂತ ಮೊದಲೇ, 1963ರಲ್ಲಿ ಶುರುವಾಗಿತ್ತು. ಟೂರಿಸ್ಟರ ಗೋಲ್ಡನ್ ಟೆಂಪಲ್ ಅದರದ್ದೇ.

ಈ ಪುಸ್ತಕಗಳು ಮತ್ತೆ ಅಚ್ಚಾದ ಕತೆ ಇನ್ನೂ ಸ್ವಾರಸ್ಯ. 1954ರ ಪಿಎಲ್-480 ಕಾಯ್ದೆಯಡಿ ಅಮೆರಿಕ ನಮಗೆ ಗೋಧಿ ಮಾರಿ, ಬೆಲೆಯನ್ನು ರೂಪಾಯಿಯಲ್ಲಿ ತೆಗೆದುಕೊಳ್ಳುತ್ತಿತ್ತು. ಆ ರೂಪಾಯಿಯನ್ನು ಭಾರತದಲ್ಲೇ ಖರ್ಚು ಮಾಡಬೇಕು. ಅದರ ಒಂದು ಪಾಲಿನಿಂದ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ಇಲ್ಲಿನ ಪುಸ್ತಕ ಕೊಳ್ಳತೊಡಗಿತು. 1968ರಲ್ಲಿ ಅದರ ದೆಹಲಿ ಕಚೇರಿಗೆ ಬಂದ ಜೀನ್ ಸ್ಮಿತ್ ಟಿಬೆಟನ್ ವಿದ್ವಾಂಸ. ನಿರಾಶ್ರಿತರು ಗಂಟಿನಲ್ಲಿ ಕಟ್ಟಿ ತಂದ ಹಳೆಯ ಮರದಚ್ಚಿನ ಪ್ರತಿಗಳನ್ನು ಆಫ್‌ಸೆಟ್‌ನಲ್ಲಿ ಮರುಮುದ್ರಣ ಮಾಡಿದರೆ ಲೈಬ್ರರಿ ಕೊಳ್ಳುತ್ತದೆ ಅನ್ನುವ ಭರವಸೆ ಸಿಕ್ಕಿತು. ಹಾಗೆ ಸಾವಿರಾರು ಸಂಪುಟ ಬಂದವು. ಇವತ್ತು ಅಮೆರಿಕದ ವಿಶ್ವವಿದ್ಯಾಲಯದ ಕ್ಯಾಟಲಾಗ್ ತೆಗೆದರೆ ಎಷ್ಟೋ ಟಿಬೆಟನ್ ಪುಸ್ತಕಗಳ ಪ್ರಕಟಣಾ ಸ್ಥಳ ಬೈಲಕುಪ್ಪೆ, ಮೈಸೂರು ಜಿಲ್ಲೆ ಅಂತಲೇ ಇರುತ್ತದೆ. ಗೋಧಿಯ ಹಿಂದಿನ ಅಮೆರಿಕದ ರಾಜಕಾರಣವನ್ನು ನಮ್ಮವರು ಟೀಕಿಸಿದ್ದು ಸರಿಯೇ. ಅದೇ ದುಡ್ಡು ಒಂದು ಜನಾಂಗದ ಗ್ರಂಥಭಂಡಾರ ಉಳಿಸಿದ್ದೂ ನಿಜ. 1980ರ ದಶಕದ ಕೊನೆಯಿಂದ ಸೆರಾ ಮೇ ಮಠದಲ್ಲಿ ಸನ್ಯಾಸಿಗಳು ಕಂಪ್ಯೂಟರ್ ಮುಂದೆ ಕೂತು ಇದೇ ಗ್ರಂಥಗಳನ್ನು ಅಕ್ಷರಕ್ಷರ ಟೈಪ್ ಮಾಡಿದರು.

ಬಾವುಟಗಳೂ ಬದಲಾದವು. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಸ್ಕ್ರೀನ್ ಪ್ರಿಂಟ್, ಬಟ್ಟೆ ಪಾಲಿಯೆಸ್ಟರ್. ಹತ್ತಿಯ ಬಾವುಟ ಮಾಸಿ ಮಣ್ಣಾಗುತ್ತಿತ್ತು. ಪಾಲಿಯೆಸ್ಟರ್ ಮಾಸಿದರೂ ಹೋಗುವುದಿಲ್ಲ, ಮರದ ಕೊಂಬೆಗೆ ಜೋತುಬಿದ್ದೇ ಇರುತ್ತದೆ.

ಯಾವ ಚಿತ್ರ ಇಟ್ಟರೆ ಅಪರಾಧ

ಟಿಬೆಟಿನಲ್ಲಿ ದಲಾಯಿ ಲಾಮಾ ಫೋಟೋ ಇಡುವಂತಿಲ್ಲ. 1990ರ ದಶಕದ ಮಧ್ಯದಲ್ಲಿ ಈ ನಿಷೇಧ ಬಿಗಿಯಾಯಿತು, 1996ರಲ್ಲಿ ಮಠಗಳೊಳಗೂ ಬಂತು, ಗಂದೆನ್ ಮಠದಲ್ಲಿ ಘರ್ಷಣೆಯಾಯಿತು. ಗುರುಪುರದ ಹೋಟೆಲಿನ ಗಲ್ಲಾಪೆಟ್ಟಿಗೆ ಮೇಲೆ ಸಹಜವಾಗಿ ನೇತಾಡುವ ಅದೇ ಫೋಟೋ ಅಲ್ಲಿ ಜೈಲಿಗೆ ದಾರಿ.

ನಮ್ಮ ಕಡೆ ಹೊಸ ಧಾರ್ಮಿಕ ಮುದ್ರಣದ ದೊಡ್ಡ ಉದಾಹರಣೆ ಕಾಸರಗೋಡಿನ ಕುಂಬಳೆಯಿಂದ ಬಂತು. ಕರಣ್ ಆಚಾರ್ಯ 2015ರಲ್ಲಿ ಊರಿನ ಯುವಕರ ಬಾವುಟಕ್ಕೆಂದು ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಕಪ್ಪು-ಕೇಸರಿ ಹನುಮಂತನ ಮುಖ ಎರಡು ಮೂರು ವರ್ಷದಲ್ಲಿ ದೇಶದ ಕಾರುಗಳ ಹಿಂದಿನ ಗಾಜಿಗೆಲ್ಲ ಅಂಟಿತು. ಇದು ಕೋಪವಲ್ಲ, ಗತ್ತು ಅಂತ ಬರೆದವರು ಹೇಳಿದರು. ನೋಡಿದವರಿಗೆ ಕೋಪ ಕಂಡಿತು. 2018ರ ಚುನಾವಣಾ ಭಾಷಣದಲ್ಲಿ ಪ್ರಧಾನಿ ಆ ಚಿತ್ರವನ್ನು ಹೊಗಳಿದರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2017ರ ಡಿಸೆಂಬರಿನಲ್ಲಿ, ನಮ್ಮ ಹುಣಸೂರಿನ ಹನುಮ ಜಯಂತಿ ಮೆರವಣಿಗೆಯ ದಾರಿಯ ಜಗಳ ಬಿಳಿಕೆರೆಯ ಬ್ಯಾರಿಕೇಡಿನ ಹತ್ತಿರ ಸಂಸದರ ಬಂಧನದವರೆಗೆ ಹೋಗಿತ್ತು. ಚಿತ್ರ ಮೆರವಣಿಗೆ ಮಾಡಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಮೆರವಣಿಗೆ ಮಾಡಿಸುವವರಿಗೆ ಯಾವ ಮುಖದ ದೇವರು ಬೇಕು ಅನ್ನುವುದು ಮುದ್ರಣದ ಆಯ್ಕೆಯಲ್ಲಿ ಕಾಣುತ್ತದೆ. ಮೊದಲು ನಮ್ಮ ಕ್ಯಾಲೆಂಡರಿನ ಹನುಮಂತ ಕೈಮುಗಿದು ಮಂಡಿಯೂರಿದ್ದ, ಇಲ್ಲ ಎದೆ ಬಗೆದು ತೋರಿಸುತ್ತಿದ್ದ.

ಅಚ್ಚಾಗದ ದೇವರು

ಹನಗೋಡಿನ ಸುತ್ತ ಇನ್ನೊಂದು ಜನ ಇದ್ದಾರೆ. ಜೇನುಕುರುಬರು, ಬೆಟ್ಟಕುರುಬರು. ನಾಗರಹೊಳೆ ಅಭಯಾರಣ್ಯ, ಆಮೇಲೆ ರಾಷ್ಟ್ರೀಯ ಉದ್ಯಾನ ಆಗುತ್ತಾ ಹೋದಂತೆ ಕಾಡಿನಿಂದ ಹೊರಬಿದ್ದವರು. ಹೈಕೋರ್ಟ್ ಆದೇಶದ ಮೇರೆಗೆ ರಚನೆಯಾದ ಪ್ರೊ. ಮುಜಾಫರ್ ಅಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ ಹೀಗೆ ಹೊರಬಿದ್ದ 3,418 ಕುಟುಂಬಗಳನ್ನು ಗುರುತಿಸಿತು. ಹೊರದೇಶದ ನಿರಾಶ್ರಿತರಿಗೆ ಎಕರೆ ಲೆಕ್ಕದಲ್ಲಿ ಭೂಮಿ ಕೊಟ್ಟ ರಾಜ್ಯ ತನ್ನದೇ ಕಾಡಿನ ಮಕ್ಕಳ ವಿಷಯದಲ್ಲಿ ಕೈಕಟ್ಟಿ ಕೂತದ್ದನ್ನು ಟಿಬೆಟನ್ನರ ತಪ್ಪು ಅನ್ನುವವರು ಇಲ್ಲಿ ಆಗಾಗ ಸಿಗುತ್ತಾರೆ. ಅದು ಅವರ ತಪ್ಪಲ್ಲ, ವಿಧಾನಸೌಧದ್ದು.

ಇವರ ದೇವರು ಕಾಡೊಳಗಿನ ಕಲ್ಲು, ಮರದ ಬುಡ, ಹಿರಿಯರನ್ನು ಮಣ್ಣು ಮಾಡಿದ ಜಾಗ. ಶಿವಕಾಶಿ ಇದನ್ನು ಅಚ್ಚು ಹಾಕಿಲ್ಲ, ಹಾಕಿದರೂ ಉಪಯೋಗವಿಲ್ಲ, ಯಾಕೆಂದರೆ ಈ ದೇವರಿಗೆ ಜಾಗವೇ ಮುಖ್ಯ. ಕಂಗ್ಯೂರ್ ದೆರ್ಗೆಯಲ್ಲಿ ಕೆತ್ತಿದರೂ ಬೈಲಕುಪ್ಪೆಯಲ್ಲಿ ಓದಬಹುದು. ಕಾಡಿನ ದೇವರ ಪ್ರತಿ ತೆಗೆದು ಪುನರ್ವಸತಿ ಕಾಲೊನಿಯ ಸಿಮೆಂಟು ಗೋಡೆಗೆ ನೇತುಹಾಕಲು ಆಗುವುದಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಮಾತ್ರ ಈ ದೇವರನ್ನು ಕಾಗದಕ್ಕೆ ತರುತ್ತದೆ. ಅದರ ನಿಯಮ 13ರ ಪ್ರಕಾರ ಹಳೆಯ ಬಾವಿ, ಸ್ಮಶಾನ, ಪವಿತ್ರ ಸ್ಥಳಗಳು ಹಕ್ಕಿಗೆ ಪುರಾವೆ ಆಗುತ್ತವೆ, ಆದರೆ ಒಂದಕ್ಕಿಂತ ಹೆಚ್ಚು ಬಗೆಯ ಪುರಾವೆ ಬೇಕು. ಹಾಗಾಗಿ ಹಾಡಿಯ ಹಿರಿಯರ ಹೇಳಿಕೆ ಬರೆಸಬೇಕು, ಕಾಡೊಳಗಿನ ಜಾಗಗಳನ್ನು ನಕ್ಷೆಯ ಮೇಲೆ ಗುರುತಿಸಬೇಕು. ಆ ನಕ್ಷೆ ಮೊದಲು ಗ್ರಾಮಸಭೆಯ ಮುಂದೆ ಬರುತ್ತದೆ, ಅಲ್ಲಿ ಒಪ್ಪಿದ ಮೇಲೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಸಮಿತಿಗೆ ಹೋಗುತ್ತದೆ. ಕೆಳಗಿನ ಸಮಿತಿ ತಿರಸ್ಕರಿಸಿದರೆ ಅರವತ್ತು ದಿನದೊಳಗೆ ಮೇಲಿನದಕ್ಕೆ ಅರ್ಜಿ ಹಾಕಬಹುದು.